ಪಟ್ಟಣ ಕಾದವರು

ಶ್ರೀರಂಗಪಟ್ಟಣದ ಕೋಟೆಯನ್ನು ನೋಡದ ಕನ್ನಡಿಗರು ವಿರಳ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರಿಗೆ ಕಿಟಕಿಯಿಂದಲೇ ಅದರ ದರ್ಶನವಾಗುತ್ತದೆ. ರೈಲುಹಾದಿ ಕೋಟೆಯೊಳಗಿಂದಲೇ ಹಾದುಹೋಗಿದೆ. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ರಂಗನಾಥನ ಗುಡಿ, ಜುಮ್ಮಾ ಮಸೀದಿ, ನೆಲಮಾಳಿಗೆಯ ಸೆರೆಮನೆ, ದರಿಯಾ ದೌಲತ್, ಗುಂಬಜ್ ಎಲ್ಲವನ್ನೂ ಅರ್ಧ ದಿನದಲ್ಲಿ ಮುಗಿಸಿ, ಸಂಗಮದಲ್ಲಿ ಬುತ್ತಿ ಬಿಚ್ಚಿ, ಸಂಜೆಗೆ ಬೃಂದಾವನ ಸೇರುತ್ತಾರೆ. ಕೋಟೆಯ ವಾಯವ್ಯ ಮೂಲೆಯವರೆಗೆ ನಡೆದುಹೋಗಲು ಯಾರಿಗೂ ಸಮಯವಿರುವುದಿಲ್ಲ. ಹಾಗೆ ಹೋದವರಿಗೆ ಅಲ್ಲೊಂದು ಎತ್ತರದ ಸ್ಮಾರಕ ಸ್ತಂಭ ಕಾಣುತ್ತದೆ. 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಮೈಸೂರು ಸರ್ಕಾರ ನಿಲ್ಲಿಸಿದ ಸ್ತಂಭ ಅದು. 1799ರ ಮೇ 4ರಂದು ಇಂಗ್ಲಿಷರ ಸೈನ್ಯ ಈ ಕೋಟೆಯನ್ನು ಹಿಡಿದದ್ದರ ನೆನಪಿಗೆ, ಆ ಮುತ್ತಿಗೆಯಲ್ಲಿ ಮಡಿದ ಅಧಿಕಾರಿಗಳ ನೆನಪಿಗೆ ಎಂದು ಅದರ ಮೇಲೆ ಬರೆದಿದೆ. ಅಧಿಕಾರಿಗಳ ಹೆಸರುಗಳಿವೆ, ಪಲ್ಟನುಗಳ ಹೆಸರುಗಳಿವೆ.

ಹೊರಗಿನಿಂದ ನದಿ ದಾಟಿ ಬಂದು ಸತ್ತವರ ಹೆಸರುಗಳು ಅವು. ಅದೇ ಗೋಡೆಯ ಮೇಲೆ, ಒಳಗೆ ನಿಂತು ಕೋಟೆ ಕಾಯುತ್ತ ಸತ್ತವರದು ಒಂದು ಹೆಸರೂ ಇಲ್ಲ.

ಮೊದಲ ಬಾರಿ ಇದನ್ನು ಗಮನಿಸಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಸಿಟ್ಟಿಲ್ಲ, ಒಂದು ಪ್ರಶ್ನೆಯಿದೆ. ಗೆದ್ದವರು ತಮ್ಮವರ ಹೆಸರು ಬರೆಸಿಕೊಳ್ಳುವುದು ಲೋಕರೂಢಿ. ಅದರಲ್ಲಿ ತಪ್ಪು ಹುಡುಕಿ ಫಲವಿಲ್ಲ. ನಾವು ನಮ್ಮ ನೆನಪಿನಲ್ಲಿ ಯಾರ ಹೆಸರನ್ನು ಉಳಿಸಿಕೊಂಡಿದ್ದೇವೆ? ಶ್ರೀರಂಗಪಟ್ಟಣದ ಕಡೆಯ ಮುತ್ತಿಗೆಯ ಕಥೆಯನ್ನು ನಮ್ಮ ಲಾವಣಿಕಾರರು ಹಾಡಿದ್ದಾರೆ, ನಾಟಕ ಕಂಪನಿಗಳು ಆಡಿವೆ, 1990ರಲ್ಲಿ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಅದು ಧಾರಾವಾಹಿಯಾಗಿಯೂ ಬಂತು. ಅವೆಲ್ಲವನ್ನೂ ಸೋಸಿದರೆ ಕೊನೆಗೆ ಉಳಿಯುವುದು ಎರಡು ಮಾತು: ಟಿಪ್ಪು ಸುಲ್ತಾನ್ ಕತ್ತಿ ಹಿಡಿದು ಸತ್ತ, ಮೀರ್ ಸಾದಿಕ್ ಮೋಸ ಮಾಡಿದ. ಒಬ್ಬ ವೀರ, ಒಬ್ಬ ದ್ರೋಹಿ. ಇವರಿಬ್ಬರ ನಡುವೆ ಸುಮಾರು 22 ಸಾವಿರ ಮಂದಿ ಕಾಣದೇ ಹೋಗಿದ್ದಾರೆ. ಅವರ ವಿಷಯ ಇಲ್ಲಿ ಸ್ವಲ್ಪ ಹೇಳಬೇಕೆಂದಿದ್ದೇನೆ. ಟಿಪ್ಪುವಿನ ಆಳ್ವಿಕೆಯ ಗುಣದೋಷಗಳ ವಿಚಾರ ಬೇರೆ. ಅದಕ್ಕೆ ಇನ್ನೊಂದು ಭಾಷಣವೇ ಬೇಕು.

ಸಂದರ್ಭವನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. 1792ರಲ್ಲಿ ಕಾರ್ನ್‌ವಾಲಿಸ್ ಇದೇ ಪಟ್ಟಣಕ್ಕೆ ಮುತ್ತಿಗೆ ಹಾಕಿ, ಅರ್ಧ ರಾಜ್ಯವನ್ನೂ ದೊಡ್ಡ ಮೊತ್ತದ ಹಣವನ್ನೂ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದು ಹಿಂದಿರುಗಿದ್ದ. ಆರು ವರ್ಷಗಳ ಮೇಲೆ ಗವರ್ನರ್ ಜನರಲ್ ಆಗಿ ಬಂದ ವೆಲ್ಲೆಸ್ಲಿಗೆ ಉಳಿದ ಅರ್ಧವೂ ಕಣ್ಣಿಗೆ ಬಿತ್ತು. ಟಿಪ್ಪು ಫ್ರೆಂಚರೊಂದಿಗೆ ನಡೆಸಿದ ಪತ್ರವ್ಯವಹಾರ ಯುದ್ಧಕ್ಕೆ ಕಾರಣವಾಗಿ ಸಿಕ್ಕಿತು. ಪೂರ್ವದಲ್ಲಿ ವೆಲ್ಲೂರಿನಿಂದ ಜನರಲ್ ಹ್ಯಾರಿಸ್‌ನ ಸೈನ್ಯ, ಅದರೊಡನೆ ಹೈದರಾಬಾದಿನ ನಿಜಾಮನ ಪಡೆ; ಪಶ್ಚಿಮದಲ್ಲಿ ಕಣ್ಣಾನೂರಿನಿಂದ ಕೊಡಗಿನ ಹಾದಿಯಾಗಿ ಮುಂಬಯಿಯ ಸೈನ್ಯ. ಎಲ್ಲ ಸೇರಿ 40 ಸಾವಿರಕ್ಕೆ ಮೀರಿದ ದಂಡು. ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ, 27ರಂದು ಮಳವಳ್ಳಿಯಲ್ಲಿ ಮೈಸೂರಿನವರು ಅಡ್ಡಗಟ್ಟಿ ಸೋತರು. ಏಪ್ರಿಲ್ 5ರಂದು ಹ್ಯಾರಿಸ್‌ನ ದಂಡು ಪಟ್ಟಣದ ಪಶ್ಚಿಮಕ್ಕೆ ಬಂದು ಬೀಡುಬಿಟ್ಟಿತು.

ಒಳಗಿದ್ದವರು ಎಷ್ಟು ಮಂದಿ? ಇಂಗ್ಲಿಷರೇ ಆಮೇಲೆ ಹಾಕಿದ ಲೆಕ್ಕದ ಪ್ರಕಾರ ಕೋಟೆಯೊಳಗೆ 14 ಸಾವಿರದಷ್ಟು ಕಾಲಾಳುಗಳು, ಹೊರಗಿನ ಮಣ್ಣಿನ ಒಡ್ಡುಗಳಲ್ಲಿ ಇನ್ನು 8 ಸಾವಿರ. ಕುದುರೆಪಡೆ ಕೋಟೆಯ ಹೊರಗೆ ತಿರುಗುತ್ತಿತ್ತು. ಒಳಗಿದ್ದವರೆಲ್ಲ ಒಂದೇ ಬಗೆಯವರೂ ಅಲ್ಲ. ಕವಾಯತು ಕಲಿತು, ಹುಲಿಪಟ್ಟೆಯ ಅಂಗಿ ತೊಟ್ಟ ಸರ್ಕಾರಿ ಸಿಪಾಯಿಗಳಿದ್ದರು. ಬಾಣಗಾರರಿದ್ದರು, ಎಂದರೆ ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿನ ದಬ್ಬೆ ಕಟ್ಟಿ ಹಾರಿಸುವವರು. ಹಳ್ಳಿಗಳಿಂದ ಬಂದ ಕಂದಾಚಾರದ ಪದಾತಿಗಳು. ಶಾಂತಿಯ ಕಾಲದಲ್ಲಿ ಇವರು ಹೊಲ ಉಳುವವರು. ಜೊತೆಗೆ ನೂರಿನ್ನೂರು ಮಂದಿ ಫ್ರೆಂಚರು. ಮುಸಲ್ಮಾನರು ಇದ್ದಂತೆ ಹಿಂದೂಗಳೂ ಇದ್ದರು. ಯಾವ ಊರಿನವರು, ಯಾರ ಮಕ್ಕಳು ಎಂಬುದು ಮಾತ್ರ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ.

ಬಂದ ರಾತ್ರಿಯೇ ಒಂದು ಪ್ರಸಂಗ ನಡೆಯಿತು. ಸುಲ್ತಾನ್‌ಪೇಟೆಯ ತೋಪನ್ನು ಹಿಡಿಯಲು ಗವರ್ನರ್ ಜನರಲ್‌ನ ತಮ್ಮ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ನುಗ್ಗಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. ತೋಟದೊಳಗೆ ಕಾಲುವೆಗಳು, ಮರಗಳು, ಎಲ್ಲಿಂದಲೋ ಬರುವ ಗುಂಡು, ತಲೆಯ ಮೇಲೆ ಸುಯ್ಯೆಂದು ಹಾರುವ ಬಾಣಗಳು. ಅವನ ಪಡೆ ದಿಕ್ಕು ತಪ್ಪಿ ಚೆದುರಿತು. ಅವನೂ ಮೊಣಕಾಲಿಗೆ ಪೆಟ್ಟು ತಿಂದು ಬರಿಗೈಯಲ್ಲಿ ಹಿಂದಿರುಗಿದ. ಮರುದಿನ ಹಗಲಿನಲ್ಲಿ ದೊಡ್ಡ ಪಡೆಯೊಂದಿಗೆ ಬಂದು ತೋಪನ್ನು ಹಿಡಿದನೆಂಬುದು ನಿಜ. ಆದರೆ ರಾತ್ರಿಯ ಆ ಸೋಲನ್ನು ಅವನು ಜೀವಮಾನದಲ್ಲಿ ಮರೆಯಲಿಲ್ಲ. ಸೋಲಿಸಿದವರು ಯಾರು? ‘ಟಿಪ್ಪುವಿನ ಜನ’ ಎಂದಷ್ಟೇ ಚರಿತ್ರೆ ಹೇಳುತ್ತದೆ. ಆ ರಾತ್ರಿ ಸೆರೆಸಿಕ್ಕ ಹತ್ತು ಹನ್ನೆರಡು ಇಂಗ್ಲಿಷ್ ಸಿಪಾಯಿಗಳನ್ನು ಆಮೇಲೆ ಪಟ್ಟಣದಲ್ಲಿ ಕೊಲ್ಲಿಸಲಾಯಿತು. ಕಾದವರನ್ನು ಗೌರವಿಸುವಾಗ ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಶಾಲೆಯ ಪುಸ್ತಕಗಳಲ್ಲಿ ಈ ಮುತ್ತಿಗೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಇಂಗ್ಲಿಷರು ಬಂದರು, ಕೋಟೆ ಬಿತ್ತು. ಬೀಳುವುದು ಮೊದಲೇ ನಿಶ್ಚಯವಾಗಿತ್ತೇನೋ ಎಂಬಂತೆ. ವಾಸ್ತವ ಹಾಗಿರಲಿಲ್ಲ. ಮುತ್ತಿದವರ ತಲೆಯ ಮೇಲೆ ಎರಡು ಕತ್ತಿಗಳು ತೂಗುತ್ತಿದ್ದವು. ಒಂದು ಕಾವೇರಿ. ಮುಂಗಾರು ಹಿಡಿದು ಕೊಡಗಿನಲ್ಲಿ ಮಳೆ ಸುರಿದರೆ ಹೊಳೆ ತುಂಬಿ ಬರುತ್ತದೆ. ಆಗ ಪಟ್ಟಣ ನಿಜವಾದ ದ್ವೀಪ, ಯಾವ ಸೈನ್ಯವೂ ದಾಟಲಾರದು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಪಶ್ಚಿಮದ ಕಡೆ ಬಂಡೆಗಳ ನಡುವೆ ಮೊಣಕಾಲುದ್ದ, ಸೊಂಟದುದ್ದ ನೀರು. ಇನ್ನೊಂದು ಅಕ್ಕಿ. ಏಪ್ರಿಲ್ ಮಧ್ಯದಲ್ಲಿ ಹ್ಯಾರಿಸ್ ತನ್ನ ದಾಸ್ತಾನು ಎಣಿಸಿದಾಗ ಹೋರಾಡುವವರಿಗೆ ಅರೆಹೊಟ್ಟೆಯ ಲೆಕ್ಕದಲ್ಲಿಯೂ ಮೇ ಮೊದಲ ವಾರ ದಾಟುವಷ್ಟು ಅಕ್ಕಿ ಇರಲಿಲ್ಲ. ದನಗಳು ಸಾಯುತ್ತಿದ್ದವು, ಸುತ್ತಲಿನ ಮೇವನ್ನು ಮೈಸೂರಿನ ಸವಾರರು ಸುಟ್ಟುಹಾಕಿದ್ದರು. ಕೋಟೆ ಇನ್ನು ಮೂರು ನಾಲ್ಕು ವಾರ ನಿಂತಿದ್ದರೆ ಹ್ಯಾರಿಸ್ ಮುತ್ತಿಗೆ ತೆಗೆದು ಹೊರಡಬೇಕಾಗುತ್ತಿತ್ತು. 1791ರಲ್ಲಿ ಕಾರ್ನ್‌ವಾಲಿಸ್‌ಗೆ ಆದದ್ದು ಅದೇ. ಪಟ್ಟಣದ ಬಾಗಿಲವರೆಗೆ ಬಂದು, ಮಳೆ ಹಿಡಿದು, ತಿನ್ನಲು ಏನೂ ಉಳಿಯದೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದೆ ಸರಿದಿದ್ದ.

ಹೀಗಾಗಿ 1799ರ ಮುತ್ತಿಗೆ ದಿನಗಳ ಲೆಕ್ಕದ ಯುದ್ಧ. ಒಳಗಿದ್ದವರು ಒಂದು ದಿನ ಹೆಚ್ಚು ತಡೆದರೆ ಒಂದು ದಿನದಷ್ಟು ಗೆದ್ದಂತೆ. ಅವರು 30 ದಿನ ತಡೆದರು. ನದಿಯ ದಂಡೆಯ ಹಳೆಯ ಕಾಲುವೆ, ಪಾಳು ಹಳ್ಳಿ, ಮಣ್ಣಿನ ಒಡ್ಡು, ಪ್ರತಿಯೊಂದನ್ನೂ ಇಂಗ್ಲಿಷರು ಹೊಡೆದಾಡಿಯೇ ಪಡೆಯಬೇಕಾಯಿತು. ಏಪ್ರಿಲ್ 22ರಂದು ಮೈಸೂರಿನ ಕಾಲಾಳುಗಳು ಕೋಟೆಯಿಂದ ಹೊರಬಿದ್ದು ಉತ್ತರ ದಂಡೆಯ ಮುಂಬಯಿ ಸೈನ್ಯದ ಠಾಣ್ಯದ ಮೇಲೆ ಬಿದ್ದರು. ಗಂಟೆಗಟ್ಟಲೆ ಹೋರಾಟ ನಡೆಯಿತು. 600ಕ್ಕೂ ಹೆಚ್ಚು ಮಂದಿ ಬಿದ್ದ ಮೇಲೆಯೇ ಹಿಂದಕ್ಕೆ ಸರಿದರು. 26ರ ಸಂಜೆಯಿಂದ 27ರ ಬೆಳಗಿನವರೆಗೆ ದಕ್ಷಿಣ ದಂಡೆಯ ಒಡ್ಡಿಗಾಗಿ ಕತ್ತಲಲ್ಲಿ ಕೈಕೈ ಮಿಲಾಯಿಸಿದರು. ಆ ಒಡ್ಡನ್ನು ಬಿಟ್ಟ ಮೇಲೆಯೇ ಇಂಗ್ಲಿಷರಿಗೆ ಗೋಡೆ ಒಡೆಯುವ ಫಿರಂಗಿಗಳನ್ನು ಹತ್ತಿರ ತರಲು ಸಾಧ್ಯವಾದದ್ದು.

ಈ ನಡುವೆ ಸಂಧಿಯ ಮಾತೂ ಬಂದಿತ್ತು. ಹ್ಯಾರಿಸ್ ಕೇಳಿದ್ದು ಉಳಿದ ರಾಜ್ಯದಲ್ಲಿ ಅರ್ಧ, ಎರಡು ಕೋಟಿ ರೂಪಾಯಿ, ನಾಲ್ವರು ಮಕ್ಕಳು ಮತ್ತು ನಾಲ್ವರು ಸೇನಾನಿಗಳು ಒತ್ತೆ. ಟಿಪ್ಪು ಒಪ್ಪಲಿಲ್ಲ. ಒಡ್ಡಿನಲ್ಲಿ ಕುಳಿತ ಸಿಪಾಯಿಯನ್ನು ಯಾರೂ ಕೇಳಲಿಲ್ಲ. ಕೇಳುವ ಕಾಲವೂ ಅದಲ್ಲ.

ಗೋಡೆ ಒಡೆಯುವ ಫಿರಂಗಿಗಳು ಬಾಯಿಬಿಟ್ಟವು. ಮೇ 2ರಂದು ಕೋಟೆಯೊಳಗೆ ಬಾಣಗಳನ್ನಿಟ್ಟಿದ್ದ ಉಗ್ರಾಣಕ್ಕೆ ಗುಂಡು ಬಿದ್ದು ಅದು ಸಿಡಿಯಿತು. 3ರ ಸಂಜೆಯ ಹೊತ್ತಿಗೆ ವಾಯವ್ಯ ಮೂಲೆಯ ಬಳಿ ಗೋಡೆ ಕುಸಿದು, ಕಲ್ಲುಮಣ್ಣಿನ ಇಳಿಜಾರಾಗಿ, ಹತ್ತಿಬರುವಂತಾಯಿತು.

ಇಲ್ಲಿ ಒಂದು ಹೆಸರು ಸಿಗುತ್ತದೆ: ಸಯ್ಯದ್ ಗಫಾರ್. ಹಿಂದೆ ಇಂಗ್ಲಿಷರ ಸೈನ್ಯದಲ್ಲಿದ್ದವನು. 1782ರಲ್ಲಿ ತಂಜಾವೂರಿನ ಕಡೆ ಕರ್ನಲ್ ಬ್ರೇತ್‌ವೇಟನ ಪಡೆ ಟಿಪ್ಪುವಿಗೆ ಸೋತಾಗ ಸೆರೆಯಾಗಿ ಬಂದು, ಮೈಸೂರಿನ ಸೇವೆಗೆ ಸೇರಿ, ಸೇನಾನಿಯ ಮಟ್ಟಕ್ಕೆ ಏರಿದ್ದ. ಇಂಗ್ಲಿಷರು ಯುದ್ಧ ಮಾಡುವ ಬಗೆ ಅವನಿಗೆ ಒಳಗಿನಿಂದ ಗೊತ್ತಿತ್ತು. ಮೇ 4ರ ಬೆಳಿಗ್ಗೆ ಎದುರಿನ ಕಂದಕಗಳಲ್ಲಿ ಜನ ಕಿಕ್ಕಿರಿದದ್ದನ್ನು ಕಂಡು, ಇಂದೇ ಹಗಲಿನಲ್ಲಿಯೇ ನುಗ್ಗುತ್ತಾರೆಂದು ಊಹಿಸಿ ಹೇಳಿಕಳುಹಿಸಿದ. ಅರಮನೆಯ ಕಡೆಯವರು ನಂಬಲಿಲ್ಲ. ರಾತ್ರಿಯಲ್ಲದೆ ಹಗಲಿನಲ್ಲಿ ಯಾರಾದರೂ ಬಂದಾರೆಯೇ ಎಂದರು. ಸ್ವಲ್ಪ ಹೊತ್ತಿಗೆ ಒಡೆದ ಗೋಡೆಯ ಬಳಿ ನಿಂತಿದ್ದ ಅವನಿಗೆ ಫಿರಂಗಿ ಗುಂಡು ಬಡಿಯಿತು. ಟಿಪ್ಪು ಉತ್ತರದ ಗೋಡೆಯ ಬಳಿ ಊಟಕ್ಕೆ ಕುಳಿತಿದ್ದಾಗ ಆ ಸುದ್ದಿ ಬಂತು. ಕೈತೊಳೆದು ಎದ್ದ.

ಮೀರ್ ಸಾದಿಕನ ಮಾತೂ ಇಲ್ಲಿಯೇ ಬರುತ್ತದೆ. ಸಂಬಳ ಹಂಚುವ ನೆಪದಲ್ಲಿ ಅವನು ಕಾವಲಿನವರನ್ನು ಗೋಡೆಯಿಂದ ಹಿಂದಕ್ಕೆ ಕರೆಸಿದ ಎಂದು ಆ ಕಾಲಕ್ಕೆ ಹತ್ತಿರದ ಪಾರಸಿ ಚರಿತ್ರೆಕಾರ ಕಿರ್ಮಾನಿಯ ಕಥನವಿದೆ. ಜನರ ಬಾಯಲ್ಲೂ ಅದೇ ಇದೆ. ಅಂದು ಮೈಸೂರಿನ ಸಿಪಾಯಿಗಳೇ ಅವನನ್ನು ಕೊಂದರು, ಹೂತ ಮೇಲೆ ಹೆಣವನ್ನು ಹೊರತೆಗೆದು ಅವಮಾನ ಮಾಡಿದರು. ಅವನು ದ್ರೋಹಿಯಲ್ಲ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ದ್ರೋಹದ ಕಥೆ ಎಷ್ಟು ದೊಡ್ಡದಾಗಿ ಬೆಳೆಯಿತೆಂದರೆ, ಅದರ ನೆರಳಿನಲ್ಲಿ ಹೋರಾಟವೇ ಕಾಣದಂತಾಯಿತು. ಎಲ್ಲವೂ ಮೋಸದಿಂದಲೇ ಹೋಯಿತು ಎಂದರೆ ಗೋಡೆಯ ಮೇಲೆ ಸತ್ತವರು ಬರಿಯ ಮೋಸಹೋದವರಾಗುತ್ತಾರೆ. ಅವರು ಅಷ್ಟೇ ಆಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಹೇಳಿದವರು ಅವರ ವೈರಿಗಳು.

ಆ ಸಾಕ್ಷಿ ಹೀಗಿದೆ. ಮಧ್ಯಾಹ್ನ ಒಂದು ಗಂಟೆ. ಬೇಸಿಗೆಯ ಬಿಸಿಲು, ಒಳಗಿನವರು ಊಟಕ್ಕೆ, ನೆರಳಿಗೆ ಸರಿದಿರುವ ಹೊತ್ತೆಂದೇ ಅದನ್ನು ಆರಿಸಿದ್ದರು. ದಾಳಿಯ ಮುಖಂಡ ಜನರಲ್ ಬೇರ್ಡ್, ಇದೇ ಪಟ್ಟಣದ ಸೆರೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸಂಕೋಲೆ ತೊಟ್ಟು ಕಳೆದವನು. ಅವನು ಕತ್ತಿ ಹಿರಿದು ಕಂದಕದಿಂದ ಮೇಲೆ ಬಂದ. 4,300ಕ್ಕೂ ಹೆಚ್ಚು ಮಂದಿ ಹೊಳೆಗೆ ಇಳಿದರು. ಲೆಕ್ಕ ನೋಡುವವರು ಇಲ್ಲೊಂದು ಆಕ್ಷೇಪ ತೆಗೆಯಬಹುದು: ನುಗ್ಗಿದವರು ನಾಲ್ಕು ಸಾವಿರ, ಒಳಗಿದ್ದವರು 14 ಸಾವಿರ, ಹಾಗಾದರೆ ಕಡಿಮೆ ಇದ್ದವರು ಯಾರು? ನಿಜ. ಆದರೆ ಕೋಟೆಯ ಸುತ್ತಳತೆ ಮೈಲಿಗಟ್ಟಲೆ; ಇದ್ದವರು ಅದರ ಉದ್ದಕ್ಕೂ ಹರಡಿಕೊಂಡಿದ್ದರು. ಒಡೆದ ಗೋಡೆಯ ಬಳಿ ಆ ಗಳಿಗೆಯಲ್ಲಿ ಇದ್ದವರು ಬೆರಳೆಣಿಕೆಯ ಜನ. ಅವರ ಮೇಲೆ ಹೊಳೆಯಾಚೆಯ ಫಿರಂಗಿಗಳೆಲ್ಲ ಒಟ್ಟಿಗೆ ಗುಂಡು ಸುರಿಸುತ್ತಿದ್ದವು. ಹಾಗಿದ್ದೂ ಆ ಬೆರಳೆಣಿಕೆಯವರು ಇಳಿಜಾರಿನಲ್ಲಿ ಇಳಿದುಬಂದು, ನಡುವಿನಲ್ಲೇ ಎದುರಾದರು. ಎಡಗಡೆಯ ತಂಡದ ನಾಯಕ ಕರ್ನಲ್ ಡನ್‌ಲಪ್‌ನನ್ನು ಮೈಸೂರಿನ ಸರದಾರನೊಬ್ಬ ಅಲ್ಲಿಯೇ ಕತ್ತಿಯುದ್ಧಕ್ಕೆ ಎಳೆದು, ಅವನ ಕೈಗೆ ಬಲವಾದ ಗಾಯ ಮಾಡಿದ. ತಾನೂ ಏಟು ತಿಂದು ಬಿದ್ದ. ಡನ್‌ಲಪ್‌ನ ಹೆಸರು ಚರಿತ್ರೆಯಲ್ಲಿದೆ. ಆ ಸರದಾರನ ಹೆಸರು?

ಆರೇಳು ನಿಮಿಷಗಳಲ್ಲಿ ಇಂಗ್ಲಿಷರ ಬಾವುಟ ಗೋಡೆಯ ಮೇಲೆ ಏರಿತು. ಬಾವುಟ ನೆಟ್ಟ ಸಾರ್ಜೆಂಟ್ ಗ್ರಹಾಂ ಅಲ್ಲೇ ಗುಂಡು ತಿಂದು ಬಿದ್ದ. ಇಷ್ಟನ್ನೇ ಓದಿ ಕೋಟೆ ಏಳು ನಿಮಿಷದಲ್ಲಿ ಬಿತ್ತೆಂದು ಬರೆದವರಿದ್ದಾರೆ. ಹಾಗಲ್ಲ. ಬಲಗಡೆಯ ತಂಡ ದಕ್ಷಿಣದ ಗೋಡೆಯ ಮೇಲೆ ಸಲೀಸಾಗಿ ಮುಂದೆ ಹೋಯಿತು, ಸರಿ. ಎಡಗಡೆಯ ತಂಡ ಉತ್ತರದ ಗೋಡೆಯ ಮೇಲೆ ಸಿಕ್ಕಿಬಿತ್ತು. ಆ ಗೋಡೆಯ ಮೇಲೆ ಅಲ್ಲಲ್ಲಿ ಅಡ್ಡಗೋಡೆಗಳನ್ನು ಕಟ್ಟಿದ್ದರು. ಒಂದೊಂದರ ಹಿಂದೆಯೂ ಮೈಸೂರಿನವರು ನಿಂತು ಗುಂಡು ಹಾರಿಸುತ್ತಿದ್ದರು. ಒಂದನ್ನು ಬಿಟ್ಟರೆ ಮುಂದಿನದರ ಹಿಂದೆ ಹೋಗಿ ಮತ್ತೆ ನಿಲ್ಲುತ್ತಿದ್ದರು. ಅವರ ನಡುವೆ ಟಿಪ್ಪುವೂ ಕಾಲ್ನಡಿಗೆಯಲ್ಲಿ ನಿಂತು, ಸೇವಕರು ತುಂಬಿಕೊಟ್ಟ ಕೋವಿಗಳನ್ನು ಹಾರಿಸುತ್ತಿದ್ದ. ಇಂಗ್ಲಿಷ್ ತಂಡದ ಮುಂದಾಳುಗಳು ಒಬ್ಬರಾದ ಮೇಲೊಬ್ಬರು ಬಿದ್ದರು.

ಅಡ್ಡಗೋಡೆಯ ಹಿಂದಿನವರನ್ನು ಎದುರಿನಿಂದ ಬಂದವರು ಸೋಲಿಸಲಿಲ್ಲ. ಪಕ್ಕದಿಂದ ಬಂದವರು ಸೋಲಿಸಿದರು. ಹೊರಗೋಡೆಗೂ ಒಳಗೋಡೆಗೂ ನಡುವೆ ಆಳವಾದ ಇನ್ನೊಂದು ಕಂದಕವಿತ್ತು. ಗೋಡೆ ಹತ್ತಿ ನೋಡುವವರೆಗೆ ಇಂಗ್ಲಿಷರಿಗೆ ಅದರ ಅಂದಾಜೇ ಇರಲಿಲ್ಲ. ಅದನ್ನು ಕಂಡು ಒಂದು ಕ್ಷಣ ಅವರ ಎದೆ ಕುಸಿಯಿತಂತೆ. ಆದರೆ ಒಂದು ಕಡೆ ಕೆಲಸಗಾರರು ಓಡಾಡಲು ಬಿಟ್ಟಿದ್ದ ಇಕ್ಕಟ್ಟಾದ ಹಾದಿಯೊಂದು ಸಿಕ್ಕಿತು. 12ನೆಯ ರೆಜಿಮೆಂಟಿನ ಒಂದು ತುಕಡಿ ಅದರ ಮೂಲಕ ಒಳಗೋಡೆಗೆ ದಾಟಿ, ಅಲ್ಲಿಂದ ಹೊರಗೋಡೆಯವರ ಪಕ್ಕೆಗೆ ಗುಂಡು ಹಾರಿಸಲು ಮೊದಲು ಮಾಡಿತು. ಎರಡು ಕಡೆಯ ಗುಂಡಿಗೆ ಸಿಕ್ಕ ಮೇಲೆ ಅಡ್ಡಗೋಡೆಗಳಿಂದ ಏನೂ ಪ್ರಯೋಜನವಾಗಲಿಲ್ಲ. ಕಟ್ಟಡದ ಕೆಲಸ ಇನ್ನೂ ಮುಗಿಯದೆ ಉಳಿದಿದ್ದ ಒಂದು ಕಾಲುದಾರಿ ಒಂದು ರಾಜಧಾನಿಯ ಹಣೆಬರಹವನ್ನು ಬರೆಯಿತು.

ಗೋಡೆಯಿಂದ ಇಳಿದವರು ಒಳಗೋಡೆಯ ದಿಡ್ಡಿ ಬಾಗಿಲಿನತ್ತ ನುಗ್ಗಿದರು. ಇಂದು ಪ್ರವಾಸಿಗಳಿಗೆ ತೋರಿಸುವ ನೀರುಬಾಗಿಲು ಅದು. ಒಳಗಿನಿಂದ ಹೊರಗೆ ಓಡುವವರು, ಹೊರಗಿನಿಂದ ಒಳಗೆ ನುಗ್ಗುವವರು, ಎರಡೂ ಕಡೆಯಿಂದ ಗುಂಡು. ಕಮಾನಿನ ಕೆಳಗೆ ಹೆಣಗಳು ಒಂದರ ಮೇಲೊಂದು ಬಿದ್ದವು. ಟಿಪ್ಪು ಸತ್ತದ್ದು ಅಲ್ಲಿಯೇ, ಆ ರಾಶಿಯಲ್ಲಿಯೇ. ಗಾಯಗೊಂಡು ಕುಳಿತಿದ್ದ ಅವನ ಸೊಂಟಪಟ್ಟಿಗೆ ಕೈಹಾಕಿದ ಸೈನಿಕನಿಗೆ ಕತ್ತಿ ಬೀಸಿದ. ಅವನ ಗುಂಡು ಕಪೋಲಕ್ಕೆ ಬಡಿಯಿತು. ಕತ್ತಲಾದ ಮೇಲೆ ದೀವಟಿಗೆ ಹಿಡಿದು ಹುಡುಕಿದರು. ಕೆಳಗೆ ಜೀವ ಹಿಡಿದುಕೊಂಡು ಬಿದ್ದಿದ್ದ ಅವನ ಆಪ್ತಸೇವಕ ರಾಜಾಖಾನ್ ಜಾಗ ತೋರಿಸಿದ. ತಾನು ಯಾರೆಂದು ಹೇಳಿ ಜೀವ ಉಳಿಸಿಕೊಳ್ಳುವಂತೆ ಬೇಡಿಕೊಂಡರೂ ಸುಲ್ತಾನ್ ಒಪ್ಪಲಿಲ್ಲ ಎಂದು ಲೋಕಕ್ಕೆ ತಿಳಿದದ್ದು ಇವನಿಂದಲೇ.

ಒಬ್ಬ ದೊರೆಯ ದೇಹವನ್ನು ಗುರುತಿಸುವುದಕ್ಕಾಗಿ ಅವನ ಮೇಲಿದ್ದ ಹೆಣಗಳನ್ನು ಒಂದೊಂದಾಗಿ ಎಳೆದುಹಾಕಿದರು. ಈ ಚಿತ್ರವನ್ನು ನಾನು ಎಷ್ಟೋ ಪುಸ್ತಕಗಳಲ್ಲಿ ಓದಿದ್ದೇನೆ. ಎಳೆದುಹಾಕಿದ ಆ ಹೆಣಗಳು ಯಾರವೆಂದು ನಾನೂ ಬಹಳ ಕಾಲ ಯೋಚಿಸಿರಲಿಲ್ಲ.

ಆ ರಾತ್ರಿ ಪಟ್ಟಣದಲ್ಲಿ ನಡೆದ ಲೂಟಿ, ಅತ್ಯಾಚಾರಗಳನ್ನು ವರ್ಣಿಸುವುದು ಬೇಡ. ಮರುದಿನ ಪಟ್ಟಣದ ಉಸ್ತುವಾರಿ ಹೊತ್ತ ಆರ್ಥರ್ ವೆಲ್ಲೆಸ್ಲಿ ತನ್ನದೇ ಸೈನ್ಯದ ಕೆಲವರನ್ನು ನೇಣಿಗೆ ಹಾಕಿಸಿದ ಮೇಲೆಯೇ ಅದು ನಿಂತಿತು. 5ರ ಸಂಜೆ ಟಿಪ್ಪುವನ್ನು ಗುಂಬಜಿನಲ್ಲಿ ತಂದೆತಾಯಿಗಳ ಪಕ್ಕದಲ್ಲಿ ಮರ್ಯಾದೆಯಿಂದ ಮಣ್ಣುಮಾಡಿದರು. ಆ ಹೊತ್ತಿಗೆ ಭಯಂಕರವಾದ ಸಿಡಿಲುಮಳೆ ಬಂತು. ಸ್ವಲ್ಪ ದಿನಕ್ಕೆ ಹೊಳೆಯೂ ಏರಿತು.

ಆಮೇಲೆ ಎಣಿಕೆ ಶುರುವಾಯಿತು. ಗೆದ್ದವರು ಎಣಿಸಿದ ಬಗೆ ನೋಡಿ. ಕೋಟೆಯಲ್ಲಿ ಸಿಕ್ಕ ಫಿರಂಗಿಗಳು 929. ಅವುಗಳಲ್ಲಿ ಹಿತ್ತಾಳೆಯವು ಎಷ್ಟು, ಕಬ್ಬಿಣದವು ಎಷ್ಟು ಎಂದು ಬೇರೆ ಬೇರೆ ಬರೆದರು. ಕೋವಿಗಳು, ಗುಂಡುಗಳು, ಮದ್ದಿನ ತೂಕ, ಖಜಾನೆಯ ವರಹಗಳು, ಒಡವೆಗಳು, ಎಲ್ಲಕ್ಕೂ ಪಟ್ಟಿ. ತಮ್ಮ ಕಡೆ ಸತ್ತವರಿಗೆ, ಗಾಯಗೊಂಡವರಿಗೆ, ಕಾಣೆಯಾದವರಿಗೆ ಬೇರೆ ಬೇರೆ ಅಂಕಣ. ಇಡೀ ಮುತ್ತಿಗೆಯಲ್ಲಿ ಒಟ್ಟು ಸುಮಾರು 1,500. ಮೈಸೂರಿನ ಕಡೆ ಸತ್ತವರು? ಒಬ್ಬರು ಆರು ಸಾವಿರ ಎಂದರು, ಇನ್ನೊಬ್ಬರು ಎಂಟು ಸಾವಿರ, ಮತ್ತೊಬ್ಬರು ಹತ್ತು ಸಾವಿರ. ಫಿರಂಗಿಯ ಲೆಕ್ಕ ಒಂದೂ ತಪ್ಪಲಿಲ್ಲ. ಮನುಷ್ಯರ ಲೆಕ್ಕದಲ್ಲಿ ನಾಲ್ಕು ಸಾವಿರ ಹೆಚ್ಚುಕಡಿಮೆ.

ಇದರಲ್ಲಿ ಇನ್ನೊಂದು ಪದರವೂ ಇದೆ. ಹೊರಗಿನಿಂದ ಬಂದು ಸತ್ತವರಲ್ಲಿಯೂ ನೂರಕ್ಕೆ ಮೀರಿ ನಮ್ಮ ದೇಶದ ಸಿಪಾಯಿಗಳೇ ಇದ್ದರು, ಮದರಾಸಿನ ಕಡೆಯವರು, ಮುಂಬಯಿಯ ಕಡೆಯವರು. ಅಂಕಿಯಲ್ಲಿ ಅವರಿದ್ದಾರೆ. ಹೆಸರಿನಲ್ಲಿ ಅವರೂ ಇಲ್ಲ.

ಲಂಡನ್ನಿನಲ್ಲಿ ಈ ಗೆಲುವು ದೊಡ್ಡ ಹಬ್ಬವಾಯಿತು. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವ ಚಿತ್ರಕಾರ ಕೋಟೆಯ ದಾಳಿಯನ್ನು ಗೋಡೆಯಗಲದ ಭಾರೀ ಚಿತ್ರವಾಗಿ ಬರೆದು ಹಣ ಪಡೆದು ತೋರಿಸಿದ. ಜನ ಮುಗಿಬಿದ್ದು ನೋಡಿದರು. ದಾಳಿಯಲ್ಲಿ ಭಾಗವಹಿಸಿದವರಿಗೆ ಪದಕ ಮಾಡಿಸಿದರು. ದರ್ಜೆಗೆ ತಕ್ಕಂತೆ ಚಿನ್ನ, ಬೆಳ್ಳಿ, ಕಂಚು, ತವರ. ಅದರ ಒಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ಮೇಲೇರಿದೆ. ವಿಲ್ಕೀ ಕಾಲಿನ್ಸ್‌ನ ‘ಮೂನ್‌ಸ್ಟೋನ್’ ಕಾದಂಬರಿ, 1868ರದು, ಆರಂಭವಾಗುವುದೇ ಈ ಕೋಟೆಯ ಲೂಟಿಯ ದಿನದಿಂದ. ಒಳಗೆ ಸತ್ತವರು ಇವೆಲ್ಲದರಲ್ಲಿಯೂ ಹಿನ್ನೆಲೆಯ ಗುಂಪು. ಚಿತ್ರಕಾರನಿಗೆ ಬಣ್ಣದ ಪೇಟಗಳು ಬೇಕಿದ್ದವು, ಮುಖಗಳು ಬೇಕಿರಲಿಲ್ಲ.

ನಮ್ಮ ಕಡೆ ಏನಾಯಿತು? ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ, 1806ರ ದಂಗೆಯ ಮೇಲೆ ಕಲ್ಕತ್ತೆಗೆ ಸಾಗಿಸಿದರು. ಕಮರುದ್ದೀನ್ ಖಾನನಂಥ ದೊಡ್ಡ ಸರದಾರರಿಗೆ ಜಹಗೀರು ಸಿಕ್ಕಿತು. ರಾಜಧಾನಿ ಮೈಸೂರಿಗೆ ಹೋಯಿತು. ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಒಂದು ಕಾಲಕ್ಕೆ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಿದ ಪಟ್ಟಣದಲ್ಲಿ ಸುಮಾರು 32 ಸಾವಿರ ಜನರನ್ನಷ್ಟೇ ಕಂಡ. ಉಳಿದವರಲ್ಲಿ ಎಷ್ಟು ಮಂದಿ ಹೋದವರು, ಎಷ್ಟು ಮಂದಿ ಹೋದವರ ಹೆಂಡಿರು ಮಕ್ಕಳು ಊರು ಬಿಟ್ಟವರು! ಕಂದಾಚಾರದವನ ಹಳ್ಳಿಗೆ ಸುದ್ದಿ ಹೇಗೆ ತಲುಪಿತೋ. ಬಹುಶಃ ತಲುಪಲೇ ಇಲ್ಲ. ಮಳೆಗಾಲ ಬಂದರೂ ಉಳುವವನು ಬರಲಿಲ್ಲ ಎಂಬುದರಿಂದಲೇ ಮನೆಯವರು ತಿಳಿದುಕೊಂಡಿರಬೇಕು.

ಈಚಿನ ವರ್ಷಗಳಲ್ಲಿಯೂ ಈ ಎಣಿಕೆ ಮುಂದುವರಿದಿದೆ. 2017ರಲ್ಲಿ ಜೋಡಿ ರೈಲುಹಾದಿಗಾಗಿ ಪಟ್ಟಣದ ಹಳೆಯ ಮದ್ದಿನಮನೆಯೊಂದನ್ನು ಬುಡಸಮೇತ ಎತ್ತಿ ನೂರಾರು ಅಡಿ ದೂರಕ್ಕೆ ಜರುಗಿಸಿದರು. ಒಂದು ಇಟ್ಟಿಗೆಯೂ ಕದಲದಂತೆ ಮಾಡಿದ ಆ ಕೆಲಸ ನಿಜಕ್ಕೂ ಮೆಚ್ಚತಕ್ಕದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಕೋಟೆಯ ಪಾಳುಬಾವಿಯಲ್ಲಿ ಮೈಸೂರಿನ ಯುದ್ಧಬಾಣಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಒಂದೊಂದನ್ನೂ ತೊಳೆದು ಅಳತೆ ಮಾಡಿದರು. ಇಂಗ್ಲಿಷರ ದಂಡಿನವರ ಮತ್ತು ಅವರ ಕುಟುಂಬದವರ ಗೋರಿಗಳಿರುವ ಹೊಳೆದಂಡೆಯ ಗ್ಯಾರಿಸನ್ ಸ್ಮಶಾನವನ್ನು, ಇಲ್ಲಿ ದುಡಿದ ಡಿ ಮ್ಯೂರಾನ್ ಪಲ್ಟನ್ನಿನ ಮನೆತನದವರು ಸ್ವಿಟ್ಜರ್ಲೆಂಡಿನಿಂದ ಬಂದು 2008ರಲ್ಲಿ ದುರಸ್ತಿ ಮಾಡಿಸಿದರು. ಇನ್ನೂರು ವರ್ಷದ ಮೇಲೆ ಬಂದು ಕಳೆ ಕೀಳಿಸಿದರಲ್ಲ, ಅವರಿಗೆ ನಮಸ್ಕಾರ ಹೇಳಬೇಕು. ಗುಂಬಜಿನ ಜಗಲಿಯ ಸುತ್ತ ಟಿಪ್ಪುವಿನ ಬಂಧುಗಳ, ಕೆಲವು ಸರದಾರರ ಗೋರಿಗಳಿವೆ. ಅವಕ್ಕೂ ಹೂವು ಬೀಳುತ್ತದೆ. ಸಿಪಾಯಿಗೆ, ಬಾಣಗಾರನಿಗೆ, ಪದಾತಿಗೆ ಇಲ್ಲ.

ಅವರ ಹೆಸರುಗಳು ಇನ್ನು ಸಿಗಲಾರವು. ಹಾಗಾಗಿ ಹೆಸರಿನ ಪಟ್ಟಿ ಕೆತ್ತಿಸಿ ಎಂದು ನಾನು ಕೇಳುವುದಿಲ್ಲ. ಆದರೆ 1907ರ ಸ್ತಂಭದ ಪಕ್ಕದಲ್ಲಿ ಒಂದು ಸಣ್ಣ ಕಲ್ಲು ನಿಲ್ಲಿಸಲು ಹೆಸರು ಬೇಕಾಗಿಲ್ಲ. ಏಪ್ರಿಲ್ 5ರಿಂದ ಮೇ 4ರವರೆಗೆ ಈ ಗೋಡೆಯನ್ನು ಕಾದು ಸತ್ತವರು ಎಂಬಷ್ಟನ್ನು ಕನ್ನಡದಲ್ಲಿ, ಅವರಲ್ಲಿ ಅನೇಕರು ಆಡುತ್ತಿದ್ದ ಉರ್ದುವಿನಲ್ಲಿ ಬರೆದರೆ ಸಾಕು. ಆ ಹಳೆಯ ಸ್ತಂಭವನ್ನು ತೆಗೆಯುವುದೂ ಬೇಡ. ಅದರಲ್ಲಿರುವವರೂ ಇಲ್ಲಿಯೇ ಸತ್ತವರು.

ನೀವು ಮುಂದಿನ ಸಲ ಪಟ್ಟಣಕ್ಕೆ ಹೋದಾಗ, ಮಕ್ಕಳಿಗೆ ನೀರುಬಾಗಿಲನ್ನು ತೋರಿಸಿದ ಮೇಲೆ, ಉತ್ತರದ ಗೋಡೆಯ ಗುಂಟ ಪಶ್ಚಿಮಕ್ಕೆ ನಡೆಯಿರಿ. ಎಡಗಡೆ ಒಳಗಂದಕವಿದ್ದ ಜಾಗ ಬರುತ್ತದೆ. ಅದನ್ನು ಇಂಗ್ಲಿಷರು ಆಮೇಲೆ ಮುಚ್ಚಿಸಿಬಿಟ್ಟರು. ಬಲಗಡೆ ಹೊಳೆ. ಬೇಸಿಗೆಯಾದರೆ ಬಂಡೆಗಳು ಎದ್ದಿರುತ್ತವೆ, ನಡುನಡುವೆ ಮೊಣಕಾಲುದ್ದ ನೀರು, ದನ ತೊಳೆಯುವ ಹುಡುಗರು ಒಂದೆರಡು ನಿಮಿಷದಲ್ಲಿ ಆಚೆ ದಡ ಸೇರಿಬಿಡುತ್ತಾರೆ.